ಹೃದಯದ ಬಳಿಗೆ ಹೋಗುವ ನಳಿಕೆ: ಸಲೈನ್ ಜೋಡಿಸುವಾಗ ವಹಿಸಬೇಕಾದ ಎಚ್ಚರಿಕೆ

ಬೆಂಗಳೂರಿನ ಹನುಮಂತನಗರದಲ್ಲಿ ನಿಮಗೂ ನೆಂಟರಿರಬಹುದು. ಕುಮಾರಸ್ವಾಮಿ ದೇವಸ್ಥಾನದ ಗುಡ್ಡ, ರಾಮಾಂಜನೇಯ ಗುಡ್ಡ, ಇವುಗಳ ಸುತ್ತ ಬೆಳೆದ ಈ ಹಳೆಯ ಬಡಾವಣೆಯ ಮನೆಗಳಿಗೆ ಹಳ್ಳಿಯ ನಂಟು ಇನ್ನೂ ಕಡಿದಿಲ್ಲ. ಊರಿನಿಂದ ದೊಡ್ಡಾಸ್ಪತ್ರೆಗೆಂದು ಬಂದವರು ವಾರಗಟ್ಟಲೆ ನಡುಮನೆಯಲ್ಲಿ ತಂಗುವುದು ಅಲ್ಲಿ ಹೊಸ ಸಂಗತಿಯಲ್ಲ. ಹತ್ತಿರದ ಶಂಕರಪುರದಲ್ಲಿ ಶ್ರೀ ಶಂಕರ ಕ್ಯಾನ್ಸರ್ ಆಸ್ಪತ್ರೆಯಿದೆ. ಹೊಸೂರು ರಸ್ತೆಯಲ್ಲಿ 1973ರಲ್ಲಿ ಸ್ಥಾಪಿತವಾದ ಕಿದ್ವಾಯಿ ಸಂಸ್ಥೆಯಿದೆ.

ನಮ್ಮ ಕಡೆಯ ತಾಯಿಯೊಬ್ಬರು ಹೀಗೆ ಸೋದರ ಸೊಸೆಯ ಮನೆಯಲ್ಲಿದ್ದು ಚಿಕಿತ್ಸೆ ಪಡೆದು ಊರಿಗೆ ಹಿಂದಿರುಗಿದರೆಂದು ಇಟ್ಟುಕೊಳ್ಳೋಣ. ಅವರ ತೋಳಿನಲ್ಲಿ ಒಂದು ಸಣ್ಣ ನಳಿಕೆ ಇದೆ. ಅದರ ಮೇಲೆ ತೆಳುವಾದ ಪಾರದರ್ಶಕ ಪಟ್ಟಿ ಅಂಟಿಸಿದ್ದಾರೆ. ಮುಂದಿನ ಸರದಿಯ ಔಷಧಕ್ಕೆ ಇನ್ನೂ ಹದಿನೈದು ದಿನವಿದೆ. ಊಟ ಸೇರುವುದಿಲ್ಲ, ಸುಸ್ತು ಬಹಳ. ಪಕ್ಕದ ಮನೆಯವರು ನೋಡಲು ಬಂದು ಪ್ರೀತಿಯಿಂದಲೇ ಹೀಗೆನ್ನುತ್ತಾರೆ: “ಅಕ್ಕಾ, ಇಷ್ಟು ಸೊರಗಿದ್ದೀಯಲ್ಲ, ಒಂದು ಬಾಟಲಿ ಗ್ಲೂಕೋಸ್ ಏರಿಸಿಕೋ. ಸೂಜಿ ಚುಚ್ಚುವ ಕಷ್ಟವೂ ಇಲ್ಲ. ಕೈಯಲ್ಲಿ ಟ್ಯೂಬು ಹೇಗೂ ಇದೆ.”

ಓದುಗರೇ, ಈ ಲೇಖನ ಬರೆದಿರುವುದು ಆ ಒಂದು ಮಾತಿಗಾಗಿ. ಆ ಟ್ಯೂಬು ಎಲ್ಲಿಗೆ ಹೋಗಿದೆ, ಅದಕ್ಕೆ ಬಾಟಲಿಯ ಕೊಳವೆಯನ್ನು ಯಾರು ಜೋಡಿಸಬಹುದು, ಹೇಗೆ ಜೋಡಿಸಬೇಕು ಎಂಬುದನ್ನು ಮನೆಯವರೆಲ್ಲರೂ ತಿಳಿದಿರಬೇಕು.

ಈ ನಳಿಕೆ ಏನು?

ಜ್ವರ ಬಂದಾಗ ಮುಂಗೈಗೆ ಹಾಕುವ ಸೂಜಿ ಚರ್ಮದ ಕೆಳಗಿನ ಸಣ್ಣ ರಕ್ತನಾಳದಲ್ಲಿ ಎರಡು ಮೂರು ದಿನ ಇರುತ್ತದೆ. ನಾವು ಹೇಳುತ್ತಿರುವ ನಳಿಕೆ ಅಂಥದಲ್ಲ. ತೋಳಿನಿಂದ ಹೊರಟ ಇದು ಸುಮಾರು ಒಂದು ಮೊಳ ಒಳಗೆ ಸಾಗಿ, ಹೃದಯದ ಬಾಗಿಲಲ್ಲಿರುವ ದೊಡ್ಡ ರಕ್ತನಾಳದಲ್ಲಿ ತನ್ನ ತುದಿಯನ್ನು ಇಟ್ಟುಕೊಂಡಿರುತ್ತದೆ.

ಅಷ್ಟು ದೂರ ಏಕೆ ಎಂದು ಕೇಳುವಿರಾ? ಕ್ಯಾನ್ಸರಿನ ಕೆಲವು ಔಷಧಗಳು ಬಲು ತೀಕ್ಷ್ಣ. ಸಣ್ಣ ನಾಳದಲ್ಲಿ ಬಿಟ್ಟರೆ ನಾಳವೇ ಸುಟ್ಟಂತಾಗುತ್ತದೆ. ಹೊರಗೆ ಸೋರಿದರೆ ಸುತ್ತಲಿನ ಮಾಂಸವೂ ಕೆಡಬಹುದು. ಹೃದಯದ ಮೇಲಿನ ದೊಡ್ಡ ನಾಳದಲ್ಲಿ ನಿಮಿಷಕ್ಕೆ ಸುಮಾರು 2 ಲೀಟರ್ ರಕ್ತ ಹರಿಯುತ್ತದೆ. ತುಂಬಿದ ಕಾಲುವೆಗೆ ಬಿದ್ದ ಔಷಧದಂತೆ ಅದು ಕೂಡಲೇ ಬೆರೆತು ತೆಳುವಾಗುತ್ತದೆ.

ಇಂಥ ನಳಿಕೆಗಳಲ್ಲಿ ಮುಖ್ಯವಾಗಿ ಮೂರು ಬಗೆಗಳುಂಟು. ತೋಳಿನಿಂದ ಹಾಕುವುದನ್ನು ಪಿಕ್ ಲೈನ್ ಎನ್ನುತ್ತಾರೆ; ಇದು ವಾರಗಳಿಂದ ತಿಂಗಳುಗಳವರೆಗೆ ಇರಬಲ್ಲದು. ಎದೆಯ ಚರ್ಮದ ಕೆಳಗೆ ಸ್ವಲ್ಪ ದೂರ ಸುರಂಗದಂತೆ ಹಾಯಿಸಿ ತರುವುದು ಹಿಕ್‌ಮನ್ ನಳಿಕೆ. ಮೂರನೆಯದು ಪೋರ್ಟ್, ಇದರಲ್ಲಿ ಹೊರಗೆ ಏನೂ ಕಾಣುವುದಿಲ್ಲ. ಎದೆಯ ಚರ್ಮದ ಕೆಳಗೆ ರೂಪಾಯಿ ನಾಣ್ಯದಷ್ಟು ಅಗಲದ ಒಂದು ಗಟ್ಟಿ ಬಿಲ್ಲೆ ಮಾತ್ರ ಕೈಗೆ ಸಿಗುತ್ತದೆ. ಪೋರ್ಟಿಗೆ ಅದರದೇ ಆದ ವಿಶೇಷ ಸೂಜಿ ಬೇಕು. ಸಾಮಾನ್ಯ ಸೂಜಿ ಚುಚ್ಚಿದರೆ ಅದರ ಮೇಲಿನ ರಬ್ಬರಿನಂಥ ಪದರ ಕಿತ್ತು ಹಾಳಾಗುತ್ತದೆ.

ಇದರ ಹಿಂದೆ ಒಂದು ಸಾಹಸದ ಕಥೆಯೂ ಇದೆ. 1929ರಲ್ಲಿ ಜರ್ಮನಿಯ ಎಬರ್ಸ್‌ವಾಲ್ಡೆ ಎಂಬ ಊರಿನ ಆಸ್ಪತ್ರೆಯಲ್ಲಿ ವೆರ್ನರ್ ಫೋರ್ಸ್‌ಮನ್ ಎಂಬ ಯುವ ವೈದ್ಯರು ತಮ್ಮದೇ ತೋಳಿನ ನಾಳದೊಳಗೆ ನಳಿಕೆಯನ್ನು ತೂರಿಸಿಕೊಂಡು, ಕ್ಷಕಿರಣದ ಕೋಣೆಗೆ ನಡೆದುಹೋಗಿ, ಅದರ ತುದಿ ಹೃದಯವನ್ನು ಮುಟ್ಟಿರುವುದನ್ನು ಚಿತ್ರದಲ್ಲಿ ತೋರಿಸಿದರು. ಆಗ ಅನೇಕರು ಅವರನ್ನು ಹುಚ್ಚರೆಂದರು. 1956ರಲ್ಲಿ ಅವರಿಗೂ ಇನ್ನಿಬ್ಬರಿಗೂ ನೊಬೆಲ್ ಬಹುಮಾನ ಬಂತು. ಬಹುಕಾಲ ಮೈಯಲ್ಲಿಯೇ ಇಡಬಹುದಾದ ನಳಿಕೆಯನ್ನು 1973ರಲ್ಲಿ ಅಮೆರಿಕದ ಬ್ರೋವಿಯಾಕ್ ಮತ್ತು ಅವರ ಸಂಗಡಿಗರು ವಿವರಿಸಿದರು. 1979ರಲ್ಲಿ ಹಿಕ್‌ಮನ್ ಅದನ್ನು ಇನ್ನಷ್ಟು ಸುಧಾರಿಸಿದರು. ಇಂದು ನಮ್ಮ ಹಳ್ಳಿಯ ರೋಗಿಗೂ ಅದರ ಪ್ರಯೋಜನ ಸಿಕ್ಕಿದೆ. ದೊರೆತ ಅನುಕೂಲವನ್ನು ಅಜಾಗರೂಕತೆಯಿಂದ ಕೆಡಿಸಿಕೊಳ್ಳಬಾರದು.

ಅಪಾಯ ಎರಡು: ನಂಜು ಮತ್ತು ಗಾಳಿ

ಹಾಲು ಹೆಪ್ಪಾಗಲು ಎಷ್ಟು ಮಜ್ಜಿಗೆ ಬೇಕು? ಒಂದು ಹನಿ ಸಾಕು. ನಳಿಕೆಯ ಮೂತಿಗೆ ಕೊಳಕು ಬೆರಳು ಒಮ್ಮೆ ತಾಗಿದರೆ ರೋಗಾಣುಗಳು ಅಲ್ಲಿಂದ ನೇರವಾಗಿ ರಕ್ತಕ್ಕೆ ಇಳಿಯುತ್ತವೆ. ಬಾಯಿಂದ ಹೋದ ಕೊಳಕಿಗೆ ಹೊಟ್ಟೆಯ ಆಮ್ಲವಾದರೂ ಅಡ್ಡವಿದೆ. ನಳಿಕೆಯ ದಾರಿಯಲ್ಲಿ ಯಾವ ಕಾವಲೂ ಇಲ್ಲ. ಕ್ಯಾನ್ಸರಿನ ಔಷಧ ಪಡೆಯುತ್ತಿರುವವರ ರಕ್ತದಲ್ಲಿ ರೋಗಾಣುಗಳೊಡನೆ ಹೋರಾಡುವ ಬಿಳಿ ಕಣಗಳೂ ಕಡಿಮೆಯಾಗಿರುತ್ತವೆ. ಇತರರಿಗೆ ಎರಡು ದಿನದ ಜ್ವರವಾಗಿ ಹೋಗುವುದು ಇವರಿಗೆ ಪ್ರಾಣಾಪಾಯವಾಗಬಹುದು.

ಎರಡನೆಯದು ಗಾಳಿ. ನಿಮ್ಮ ಪಂಪ್‌ಸೆಟ್ಟಿನಲ್ಲಿ ಗಾಳಿ ಹಿಡಿದರೆ ಮೋಟಾರು ತಿರುಗುತ್ತಿದ್ದರೂ ನೀರು ಏರುವುದಿಲ್ಲವಷ್ಟೆ? ಹೃದಯವೂ ಒಂದು ಪಂಪು. ಅದರ ಕೋಣೆಯಲ್ಲಿ ಹೆಚ್ಚು ಗಾಳಿ ತುಂಬಿದರೆ ಅದು ಬಡಿಯುತ್ತಿದ್ದರೂ ರಕ್ತ ಮುಂದೆ ಹೋಗದು. ನಾವು ಉಸಿರೆಳೆದುಕೊಂಡಾಗ ಎದೆಯೊಳಗಿನ ಒತ್ತಡ ತಗ್ಗುತ್ತದೆ. ಆ ಕ್ಷಣದಲ್ಲಿ ನಳಿಕೆಯ ಬಾಯಿ ತೆರೆದಿದ್ದರೆ ಹೊರಗಿನ ಗಾಳಿಯನ್ನು ಅದು ತಾನಾಗಿಯೇ ಒಳಗೆಳೆದುಕೊಳ್ಳುತ್ತದೆ. ಆದುದರಿಂದ ನಳಿಕೆಯ ಬಾಯಿ ಒಂದು ಕ್ಷಣವೂ ತೆರೆದಿರಕೂಡದು. ಮುಚ್ಚಳ ಬಿಚ್ಚುವ ಮುನ್ನ ನಳಿಕೆಯ ಮೇಲಿರುವ ಕ್ಲಾಂಪ್ ಎಂಬ ಪುಟ್ಟ ಹಿಡಿಕೆಯನ್ನು ಅದುಮಿ ಮುಚ್ಚಿರಬೇಕು. ಕೆಲವು ನಳಿಕೆಗಳಲ್ಲಿ ಒಳಗೇ ಕವಾಟವಿದ್ದು ಕ್ಲಾಂಪ್ ಇರುವುದಿಲ್ಲ. ನಿಮ್ಮದು ಯಾವ ಬಗೆ ಎಂಬುದನ್ನು ಆಸ್ಪತ್ರೆ ಬಿಡುವ ಮುಂಚೆ ಕೇಳಿ ಬರೆದುಕೊಳ್ಳಿ.

ಯಾರು ಜೋಡಿಸಬೇಕು?

ಈ ನಳಿಕೆಯ ಕೆಲಸದಲ್ಲಿ ತರಬೇತಿ ಪಡೆದ ನರ್ಸ್ ಅಥವಾ ವೈದ್ಯರು ಮಾತ್ರ. ಕೆಲವು ಆಸ್ಪತ್ರೆಗಳಲ್ಲಿ ಮನೆಯವರಲ್ಲಿ ಒಬ್ಬರಿಗೆ ಕಲಿಸಿ, ತಮ್ಮೆದುರಿಗೇ ಮಾಡಿಸಿ ನೋಡಿ, ಬಳಿಕ ಅನುಮತಿ ಕೊಡುವುದುಂಟು. ಹಾಗೆ ಕಲಿತವರು ತಮಗೆ ಕಲಿಸಿದ ಕ್ರಮವನ್ನೇ ಅನುಸರಿಸತಕ್ಕದ್ದು. ಈ ಲೇಖನವನ್ನು ಓದಿದ ಮಾತ್ರಕ್ಕೆ ಯಾರೂ ಜೋಡಿಸಲು ಹೊರಡಬಾರದು. ಹಾಗಾದರೆ ಓದುವುದೇಕೆ? ಜೋಡಿಸುವವರ ಕೈ ಯಾವ ಕ್ರಮದಲ್ಲಿ ನಡೆಯಬೇಕೆಂದು ಬಲ್ಲ ಮನೆಯವರು ರೋಗಿಯ ಬಳಿ ಕುಳಿತಿದ್ದರೆ ತಪ್ಪು ನಡೆಯುವ ಮುನ್ನವೇ “ಸ್ವಲ್ಪ ನಿಲ್ಲಿ” ಎನ್ನಬಹುದು.

ಜೋಡಿಸುವ ಕ್ರಮ

ಮೊದಲು ಬಾಟಲಿಯನ್ನು ನೋಡಬೇಕು. ವೈದ್ಯರು ಬರೆದ ಔಷಧ ಇದೇ ಹೌದೇ, ಈ ರೋಗಿಯದೇ ಹೌದೇ, ಅವಧಿ ಮೀರಿಲ್ಲವೇ, ನೀರು ತಿಳಿಯಾಗಿದೆಯೇ, ಬಾಟಲಿ ಸೋರುತ್ತಿಲ್ಲವೇ? ಬೇಕಾದ ಸಾಮಾನುಗಳೆಲ್ಲ ಒಂದು ಶುದ್ಧವಾದ ತಟ್ಟೆಯಲ್ಲಿ ಮೊದಲೇ ಸಿದ್ಧವಾಗಿರಲಿ. ನಡುವೆ ಎದ್ದು ಹೋಗಿ ಹುಡುಕುವಂತಾಗಬಾರದು.

ಎರಡನೆಯದಾಗಿ ಕೈ ತೊಳೆಯುವುದು. ಬಳೆ, ಉಂಗುರ, ಗಡಿಯಾರ ತೆಗೆದಿಟ್ಟು, ಸೋಪು ಹಚ್ಚಿ, ಬೆರಳ ಸಂದು, ಉಗುರಿನ ಅಡಿ, ಹೆಬ್ಬೆರಳ ಬುಡ ಇವನ್ನೆಲ್ಲ 20 ಸೆಕೆಂಡಿಗೆ ಕಡಿಮೆಯಿಲ್ಲದಂತೆ ಉಜ್ಜಿ ತೊಳೆದು, ಶುದ್ಧ ಬಟ್ಟೆ ಅಥವಾ ಕಾಗದದಲ್ಲಿ ಒರೆಸಿಕೊಳ್ಳಬೇಕು. ತೊಳೆದ ಕೈಯಿಂದ ಸೆರಗು, ಮುಖ, ಮೊಬೈಲು ಮುಟ್ಟಿದರೆ ಮತ್ತೆ ತೊಳೆಯಬೇಕು. ಆ ಬಳಿಕ ಕೈಗವಸು.

ಮೂರನೆಯದು ಕೊಳವೆಯ ಗಾಳಿ ಕಳೆಯುವುದು. ಬಾಟಲಿಯಿಂದ ಬರುವ ಉದ್ದ ಕೊಳವೆಯನ್ನು ಡ್ರಿಪ್ ಸೆಟ್ ಎನ್ನುತ್ತಾರೆ. ಅದರ ಮೇಲಿನ ಗಾಲಿಯನ್ನು ಮೊದಲು ಮುಚ್ಚಿ, ಚೂಪಾದ ತುದಿಯನ್ನು ಎಲ್ಲಿಯೂ ತಾಗಿಸದೆ ಬಾಟಲಿಗೆ ಚುಚ್ಚಿ, ಹನಿ ಬೀಳುವ ಗೂಡನ್ನು ಅರ್ಧ ತುಂಬಿಸಬೇಕು. ಅನಂತರ ಗಾಲಿ ತೆರೆದು ಕೊಳವೆಯ ತುದಿಯವರೆಗೂ ನೀರು ಹರಿಸಿ, ಒಂದು ಗುಳ್ಳೆಯೂ ಉಳಿಯದಂತೆ ನೋಡಿ, ಮತ್ತೆ ಗಾಲಿ ಮುಚ್ಚಬೇಕು. ಕೊಳವೆಯ ತುದಿಯ ಮುಚ್ಚಳ ಜೋಡಿಸುವ ಕ್ಷಣದವರೆಗೂ ಹಾಗೆಯೇ ಇರಲಿ.

ನಾಲ್ಕನೆಯದು ಎಲ್ಲಕ್ಕಿಂತ ಮುಖ್ಯವಾದುದು: ನಳಿಕೆಯ ಮೂತಿಯನ್ನು ಉಜ್ಜುವುದು. ನಳಿಕೆಯ ಹೊರತುದಿಯಲ್ಲಿ ಸೂಜಿಯಿಲ್ಲದೆ ಜೋಡಿಸಬಹುದಾದ ಒಂದು ಮೂತಿ ಇರುತ್ತದೆ. ಹೊಸದಾಗಿ ಒಡೆದ ಸ್ಪಿರಿಟ್ ಪಟ್ಟಿಯಿಂದ ಅದರ ಮೇಲ್ಭಾಗವನ್ನೂ ಸುತ್ತಲಿನ ಮರೆಗಳನ್ನೂ ಕಿತ್ತಳೆಯ ರಸ ಹಿಂಡುವಂತೆ ತಿರುಗಿಸುತ್ತ ಸುಮಾರು 15 ಸೆಕೆಂಡು ಬಲವಾಗಿ ಉಜ್ಜಬೇಕು. ಒಮ್ಮೆ ಹೀಗೆ ಒರೆಸಿ ಬಿಟ್ಟರೆ ಸಾಲದು. ರೋಗಾಣುಗಳನ್ನು ಕೀಳುವುದು ಸ್ಪಿರಿಟ್ ಮತ್ತು ಉಜ್ಜುವಿಕೆ ಎರಡೂ ಸೇರಿ. ಆಮೇಲೆ ತಾನಾಗಿಯೇ ಒಣಗಲು ಬಿಡಬೇಕು. ಬಾಯಿಂದ ಊದುವುದು, ಬೀಸಣಿಗೆ ಬೀಸುವುದು ಕೂಡದು. ಊದಿದ ಗಾಳಿಯಲ್ಲಿ ಬಾಯಿಯ ರೋಗಾಣುಗಳಿರುತ್ತವೆ.

ಐದನೆಯದು ದಾರಿ ಸರಿಯಿದೆಯೇ ಎಂದು ಪರೀಕ್ಷಿಸುವುದು. ಗಾಳಿ ಕಳೆದ 10 ಮಿಲಿ ಸಲೈನ್ ಸಿರಿಂಜನ್ನು ಜೋಡಿಸಿ, ಕ್ಲಾಂಪ್ ತೆರೆದು, ಮೆಲ್ಲಗೆ ಹಿಂದಕ್ಕೆ ಎಳೆದರೆ ರಕ್ತದ ಎಳೆ ಕಾಣಬೇಕು. ಬಳಿಕ ಸ್ವಲ್ಪ ಒತ್ತಿ, ನಿಲ್ಲಿಸಿ, ಮತ್ತೆ ಸ್ವಲ್ಪ ಒತ್ತಿ, ಹೀಗೆ ಬಿಟ್ಟು ಬಿಟ್ಟು ಸಲೈನ್ ಬಿಡಬೇಕು. ಹೀಗೆ ಮಾಡಿದರೆ ಒಳಗೆ ಸುಳಿ ಎದ್ದು ನಳಿಕೆಯ ಗೋಡೆ ತೊಳೆದಂತಾಗುತ್ತದೆ. ಚಿಕ್ಕ ಸಿರಿಂಜು ಬಳಸಬಾರದು. ಸಿರಿಂಜು ಚಿಕ್ಕದಾದಷ್ಟೂ ಒಳಗಿನ ಒತ್ತಡ ಹೆಚ್ಚಿ ನಳಿಕೆ ಒಡೆಯಬಹುದು. ರಕ್ತ ಬಾರದಿದ್ದರೆ, ಸಲೈನ್ ಹೋಗಲು ತಡೆದರೆ, ರೋಗಿಗೆ ನೋವಾದರೆ ಅಲ್ಲಿಗೇ ನಿಲ್ಲಿಸಿ ಚಿಕಿತ್ಸೆ ನಡೆದ ಆಸ್ಪತ್ರೆಯನ್ನು ಕೇಳಬೇಕು. ಬಲವಂತ ಮಾಡಿದರೆ ಒಳಗೆ ಗಟ್ಟಿಯಾದ ರಕ್ತದ ತುಣುಕು ಮುಂದೆ ಹೋಗಬಹುದು.

ಆರನೆಯದು ಜೋಡಣೆ. ಕ್ಲಾಂಪ್ ಮುಚ್ಚಿ, ಸಿರಿಂಜು ತೆಗೆದು, ಮೂತಿಯನ್ನು ಹೊಸ ಸ್ಪಿರಿಟ್ ಪಟ್ಟಿಯಿಂದ ಮತ್ತೊಮ್ಮೆ ಉಜ್ಜಿ ಒಣಗಿಸಿ, ಡ್ರಿಪ್ ಸೆಟ್ಟಿನ ತುದಿಯನ್ನು ನೇರವಾಗಿ ಒತ್ತಿ ಬಲಕ್ಕೆ ತಿರುಗಿಸಿ ಬಿಗಿ ಮಾಡಬೇಕು. ಸುಮ್ಮನೆ ತುರುಕಿದ ಜೋಡಣೆ ರೋಗಿ ಮಗ್ಗುಲಾದಾಗ ಕಳಚಿಕೊಳ್ಳುತ್ತದೆ. ತುದಿ ಹಾಸಿಗೆಗೋ ಬೆರಳಿಗೋ ತಾಗಿತೆಂದರೆ ಅದನ್ನು ಒರೆಸಿ ಬಳಸುವಂತಿಲ್ಲ, ಹೊಸದನ್ನೇ ತೆಗೆದುಕೊಳ್ಳಬೇಕು.

ಏಳನೆಯದು ಬೆರಳಿನ ಪಯಣ. ಬಾಟಲಿಯಿಂದ ಆರಂಭಿಸಿ ಕೊಳವೆಯ ಉದ್ದಕ್ಕೂ ಬೆರಳಾಡಿಸುತ್ತ ರೋಗಿಯ ಮೈಯವರೆಗೆ ಬರಬೇಕು. ರೋಗಿಗೆ ಮೂಗಿನಲ್ಲಿ ಆಹಾರದ ಕೊಳವೆ, ಬೇರೊಂದು ಸೂಜಿ, ಮೂತ್ರದ ಕೊಳವೆ ಇವೆಲ್ಲ ಇರಬಹುದು. ಒಂದರ ಬದಲು ಇನ್ನೊಂದಕ್ಕೆ ಜೋಡಿಸಿ ಪ್ರಾಣಹಾನಿಯಾದ ಘಟನೆಗಳು ದೊಡ್ಡ ದೊಡ್ಡ ದೇಶಗಳಲ್ಲಿಯೂ ನಡೆದಿವೆ. ದಾರಿ ಸರಿಯೆಂದು ಕಂಡ ಮೇಲೆ ಕ್ಲಾಂಪ್ ತೆರೆದು, ವೈದ್ಯರು ಹೇಳಿದ ವೇಗದಲ್ಲಿ ಹನಿ ಬಿಡಬೇಕು.

ಬಾಟಲಿ ಮುಗಿಯುವ ಹೊತ್ತಿಗೆ ಯಾರಾದರೂ ಬಳಿಯಲ್ಲಿರಬೇಕು. ಕಳಚುವಾಗಲೂ ಇದೇ ಶಿಸ್ತು: ಮೊದಲು ಕ್ಲಾಂಪ್, ಆಮೇಲೆ ಕಳಚುವುದು, ಉಜ್ಜುವುದು, ಸಲೈನಿನಿಂದ ತೊಳೆಯುವುದು, ಕ್ಲಾಂಪ್ ಮುಚ್ಚಿ ಹೊಸ ಮುಚ್ಚಳ ಹಾಕುವುದು. ಕಳಚಿದ ಕೊಳವೆಯ ತುದಿಯನ್ನು ಬಾಟಲಿಯ ಕಂಬಕ್ಕೆ ಬರಿದೇ ನೇತುಹಾಕಿ ಸಂಜೆ ಮತ್ತೆ ಅದನ್ನೇ ಜೋಡಿಸುವ ರೂಢಿ ಬಹಳ ಕೆಟ್ಟದ್ದು.

ಇಷ್ಟೆಲ್ಲ ಸಣ್ಣ ಕೆಲಸಗಳಿಂದ ಏನಾದೀತು ಎನ್ನುವವರಿಗೆ ಒಂದು ನಿದರ್ಶನ. ಅಮೆರಿಕದ ಮಿಷಿಗನ್ ರಾಜ್ಯದ ನೂರಕ್ಕೂ ಹೆಚ್ಚು ತೀವ್ರ ನಿಗಾ ಘಟಕಗಳಲ್ಲಿ ನಳಿಕೆ ಹಾಕುವಾಗ ಕೈ ತೊಳೆಯುವುದು, ಚರ್ಮ ಶುದ್ಧಿ, ರೋಗಿಗೆ ಪೂರ್ಣ ಹೊದಿಕೆ, ತೊಡೆಯ ನಾಳವನ್ನು ಆದಷ್ಟು ಬಿಡುವುದು, ಬೇಡವಾದ ನಳಿಕೆಯನ್ನು ಕೂಡಲೇ ತೆಗೆಯುವುದು ಎಂಬ ಐದು ನಿಯಮಗಳನ್ನು ತಪ್ಪದೆ ಪಾಲಿಸಿದರು. ನಿಯಮ ತಪ್ಪಿದ ವೈದ್ಯರನ್ನು ತಡೆಯುವ ಅಧಿಕಾರ ನರ್ಸುಗಳಿಗಿತ್ತು. ಸಾವಿರ ನಳಿಕೆ ದಿನಗಳಿಗೆ ಸರಾಸರಿ 7.7 ಇದ್ದ ರಕ್ತದ ಸೋಂಕು ಒಂದೂವರೆ ವರ್ಷದೊಳಗೆ 1.4ಕ್ಕೆ ಇಳಿಯಿತೆಂದು 2006ರಲ್ಲಿ ವರದಿಯಾಯಿತು. ಅಲ್ಲಿ ಗೆದ್ದದ್ದು ಯಾವ ಹೊಸ ಯಂತ್ರವೂ ಅಲ್ಲ, ಶಿಸ್ತು.

ಸುಸ್ತಿಗೆ ಗ್ಲೂಕೋಸ್ ಬಾಟಲಿ ಬೇಕೇ?

ಈಗ ನೆರೆಮನೆಯವರ ಮಾತಿಗೆ ಬರೋಣ. ಸಾಮಾನ್ಯವಾಗಿ ಏರಿಸುವ ಅರ್ಧ ಲೀಟರಿನ ಶೇಕಡಾ 5ರ ಗ್ಲೂಕೋಸ್ ಬಾಟಲಿಯಲ್ಲಿರುವುದು 25 ಗ್ರಾಂ ಸಕ್ಕರೆ ಮಾತ್ರ. ಎಂದರೆ ಐದಾರು ಟೀ ಚಮಚ. ಒಂದು ದೊಡ್ಡ ಲೋಟ ಪಾನಕದಲ್ಲಿ ಅಷ್ಟು ಸಿಹಿ ಇರುತ್ತದೆ. ಬಾಯಿಂದ ಕುಡಿಯಬಲ್ಲವರಿಗೆ ರಾಗಿ ಗಂಜಿ, ಬೇಳೆಯ ಕಟ್ಟು, ಕಾಯಿಸಿದ ಹಾಲು ಇವು ಅದಕ್ಕಿಂತ ಹೆಚ್ಚಿನ ಬಲ ಕೊಡುತ್ತವೆ. ಐದಾರು ಚಮಚ ಸಕ್ಕರೆಗಾಗಿ ಹೃದಯದ ಬಾಗಿಲನ್ನು ತೆರೆಯುವುದು ತಿಳಿದವರು ಮಾಡುವ ಕೆಲಸವೇ? ವಾಂತಿ ಭೇದಿಯಿಂದ ನೀರು ಬತ್ತಿದ್ದರೆ, ಏನೂ ಒಳಗೆ ಹೋಗದಿದ್ದರೆ ಆಗ ಸಲೈನ್ ಬೇಕಾದೀತು. ಅದನ್ನು ವೈದ್ಯರು ತೀರ್ಮಾನಿಸಲಿ. ಅಂಥ ಸಮಯದಲ್ಲಿಯೂ ನಳಿಕೆಯ ಅನುಭವವಿಲ್ಲದ ಕಡೆ ಮುಂಗೈಗೆ ಬೇರೆ ಸೂಜಿ ಹಾಕಿಸಿಕೊಳ್ಳುವುದೇ ಲೇಸು.

ಡಯಾಲಿಸಿಸ್ ರೋಗಿಗಳ ಮನೆಯವರು ಇದನ್ನು ಇನ್ನೂ ಗಟ್ಟಿಯಾಗಿ ನೆನಪಿಡಬೇಕು. ಕುತ್ತಿಗೆ ಅಥವಾ ಎದೆಯ ಬಳಿ ಹಾಕಿರುವ ಡಯಾಲಿಸಿಸ್ ನಳಿಕೆಯೊಳಗೆ ರಕ್ತ ಹೆಪ್ಪುಗಟ್ಟದಿರಲೆಂದು ಹೆಪಾರಿನ್ ಎಂಬ ಔಷಧವನ್ನು ಹೆಚ್ಚಾಗಿ ತುಂಬಿಟ್ಟಿರುತ್ತಾರೆ. ಅರಿಯದವರು ಅದಕ್ಕೆ ಸಲೈನ್ ಜೋಡಿಸಿದರೆ ಆ ಔಷಧವೆಲ್ಲ ಒಮ್ಮೆಗೇ ಮೈಗೆ ಹೋಗಿ ರಕ್ತಸ್ರಾವಕ್ಕೆ ಕಾರಣವಾಗಬಹುದು. ಡಯಾಲಿಸಿಸ್ ಘಟಕದವರ ಹೊರತು ಬೇರೆ ಯಾರೂ ಅದನ್ನು ಮುಟ್ಟಕೂಡದು.

ತಡಮಾಡದೆ ಮಾಡಬೇಕಾದ ಕೆಲಸ

ಜೋಡಣೆ ಕಳಚಿ ರೋಗಿಗೆ ಇದ್ದಕ್ಕಿದ್ದಂತೆ ಏದುಸಿರು, ಎದೆನೋವು, ತಲೆ ಸುತ್ತು ಬಂದರೆ ಕೂಡಲೇ ಮೈಗೆ ಹತ್ತಿರದಲ್ಲಿ ನಳಿಕೆಯನ್ನು ಕ್ಲಾಂಪ್ ಮಾಡಿ, ಇಲ್ಲವೇ ಮಡಿಸಿ ಬಿಗಿಹಿಡಿಯಿರಿ. ರೋಗಿಯನ್ನು ಎಡ ಮಗ್ಗುಲಿಗೆ ತಲೆ ತಗ್ಗಾಗಿರುವಂತೆ ಮಲಗಿಸಿ 108ಕ್ಕೆ ಕರೆ ಮಾಡಿ. ನಳಿಕೆ ಸೀಳಿದ್ದರೆ ಸೀಳಿಗೂ ಮೈಗೂ ನಡುವೆ ಮಡಿಸಿ ಹಿಡಿಯಬೇಕು. ನಳಿಕೆ ಸ್ವಲ್ಪ ಹೊರಗೆ ಜಾರಿದ್ದರೆ ಒಳಗೆ ತಳ್ಳಬೇಡಿ. ಪೂರ್ತಿ ಹೊರಬಂದಿದ್ದರೆ ಶುದ್ಧ ಬಟ್ಟೆಯಿಂದ ಆ ಜಾಗವನ್ನು ಒತ್ತಿ ಹಿಡಿದು, ರೋಗಿಯನ್ನು ಮಲಗಿಸಿ ಆಸ್ಪತ್ರೆಗೆ ಒಯ್ಯಿರಿ.

38 ಡಿಗ್ರಿ ಸೆಲ್ಸಿಯಸ್, ಎಂದರೆ 100.4 ಡಿಗ್ರಿ ಫ್ಯಾರನ್‌ಹೀಟ್, ಅಥವಾ ಹೆಚ್ಚಿನ ಜ್ವರ ಬಂದರೆ, ನಳಿಕೆ ತೊಳೆದ ಸ್ವಲ್ಪ ಹೊತ್ತಿಗೇ ಚಳಿ ನಡುಕ ಬಂದರೆ ಬೆಳಗಾಗಲೆಂದು ಕಾಯಬಾರದು. ಜ್ವರದ ಗುಳಿಗೆ ನುಂಗಿ ಮಲಗುವುದೂ ತಪ್ಪು. ಅದೇ ರಾತ್ರಿ ಆಸ್ಪತ್ರೆ ಸೇರಬೇಕು. ನಳಿಕೆಯ ಸುತ್ತ ಕೆಂಪು, ಕೀವು, ತೋಳು ಅಥವಾ ಕುತ್ತಿಗೆಯ ಊತ ಕಂಡರೂ ಅಂದೇ ತೋರಿಸಬೇಕು.

ಊರಿಗೆ ಹೊರಡುವ ಮುನ್ನ

ಹನುಮಂತನಗರದ ನೆಂಟರ ಮನೆಯಿಂದ ಬಸ್ಸು ಹತ್ತುವ ಮುನ್ನ ಆಸ್ಪತ್ರೆಯ ನರ್ಸಮ್ಮನ ಬಳಿ ಕುಳಿತು ಒಂದು ಚೀಟಿಯಲ್ಲಿ ಇಷ್ಟನ್ನು ಬರೆಸಿಕೊಳ್ಳಿ: ನಳಿಕೆ ಯಾವ ಬಗೆಯದು, ಎಂದು ಹಾಕಿದ್ದು, ಹೊರಗೆ ಕಾಣುವ ಉದ್ದ ಎಷ್ಟು, ಎಷ್ಟು ದಿನಕ್ಕೊಮ್ಮೆ ತೊಳೆಯಬೇಕು, ಪಟ್ಟಿ ಎಂದು ಬದಲಿಸಬೇಕು, ರಾತ್ರಿ ಹೊತ್ತು ಯಾವ ದೂರವಾಣಿಗೆ ಕರೆಯಬೇಕು. ಪಾರದರ್ಶಕ ಪಟ್ಟಿಯನ್ನು ಸಾಮಾನ್ಯವಾಗಿ 7 ದಿನಕ್ಕೊಮ್ಮೆ ಬದಲಿಸುತ್ತಾರೆ. ಒದ್ದೆಯಾದರೆ, ಸಡಿಲವಾದರೆ, ಕೊಳೆಯಾದರೆ ಕೂಡಲೇ. ಪಿಕ್ ಲೈನ್ ಇರುವ ತೋಳಿಗೆ ರಕ್ತದೊತ್ತಡದ ಪಟ್ಟಿ ಕಟ್ಟಿಸಬೇಡಿ. ಆ ಕೈಯಲ್ಲಿ ನೀರಿನ ಕೊಡ, ಹುಲ್ಲಿನ ಹೊರೆ ಎತ್ತಬೇಡಿ. ಕೆರೆ, ಬಾವಿ, ಕಾಲುವೆಯ ಸ್ನಾನ ಸದ್ಯಕ್ಕೆ ಬೇಡ.

ಊರು ಸೇರಿದ ಮೇಲೆ ಈ ಚೀಟಿಯನ್ನು ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯರಿಗೂ ನಿಮ್ಮ ಆಶಾ ಕಾರ್ಯಕರ್ತೆಗೂ ತೋರಿಸಿ. ನಳಿಕೆ ತೊಳೆಯಬಲ್ಲವರು ತಾಲ್ಲೂಕು ಅಥವಾ ಜಿಲ್ಲಾ ಆಸ್ಪತ್ರೆಯಲ್ಲಿ ಯಾರಿದ್ದಾರೆ ಎಂದು ಮೊದಲೇ ವಿಚಾರಿಸಿಡಿ. ಮಧ್ಯರಾತ್ರಿ ಹುಡುಕಲು ಹೊರಟರೆ ಸಿಗುವವರು ಕಡಿಮೆ.

ಜೋಡಿಸಲು ಬಂದವರನ್ನು “ಕೈ ತೊಳೆದಿರಾ ಸಿಸ್ಟರ್?”, “ಮೂತಿ ಉಜ್ಜಿದಿರಾ ಅಣ್ಣಾ?” ಎಂದು ಕೇಳಲು ಸಂಕೋಚವಾಗಬಹುದು. ಒಳ್ಳೆಯ ನರ್ಸ್ ಈ ಪ್ರಶ್ನೆಗೆ ಮುನಿಸಿಕೊಳ್ಳುವುದಿಲ್ಲ. ಕುಡಿಯುವ ನೀರಿನ ಬಾವಿಯ ಕಟ್ಟೆಯ ಮೇಲೆ ಯಾರಾದರೂ ಚಪ್ಪಲಿ ಹಾಕಿ ನಿಂತರೆ ನೀವು ಸುಮ್ಮನಿರುವಿರಾ? ಇದೂ ಅಂಥದೇ ಒಂದು ಬಾವಿ. ಅದರ ನೀರನ್ನು ಕುಡಿಯುವವರು ನಿಮ್ಮ ಮನೆಯವರು.

ಇದನ್ನು ಕತ್ತರಿಸಿ ರೋಗಿಯ ಹಾಸಿಗೆಯ ಬಳಿ ಗೋಡೆಗೆ ಅಂಟಿಸಿ:

1. ವೈದ್ಯರು ಬರೆಯದ ಬಾಟಲಿ ಬೇಡ.
2. ಕಲಿಯದ ಕೈ ನಳಿಕೆ ಮುಟ್ಟಬಾರದು.
3. ಮೊದಲು ಸೋಪಿನಿಂದ ಕೈ ತೊಳೆಯಬೇಕು.
4. ಮೂತಿಯನ್ನು 15 ಸೆಕೆಂಡು ಉಜ್ಜಿ, ಒಣಗಲು ಬಿಡಬೇಕು.
5. ಕೊಳವೆಯಲ್ಲಿ ಗಾಳಿ ಇರಬಾರದು. ಕ್ಲಾಂಪ್ ಮುಚ್ಚದೆ ಕಳಚಬಾರದು.
6. ಬಾಟಲಿಯಿಂದ ಮೈವರೆಗೆ ಬೆರಳಾಡಿಸಿ ನೋಡಬೇಕು.
7. ಚಳಿ ಜ್ವರ ಬಂದರೆ ಆ ರಾತ್ರಿಯೇ ಆಸ್ಪತ್ರೆಗೆ ಹೋಗಬೇಕು.